ತುಣುಕು ಕೊಟ್ಟವರಿಗೊಂದು ಮಾತು ಹೇಳಿ: ಕ್ಯಾನ್ಸರ್ ಸಂಶೋಧನೆ ನಡೆಸುವ ವಿಶ್ವವಿದ್ಯಾಲಯಗಳಿಗೆ ಬಹಿರಂಗ ಪತ್ರ

ಇವರಿಗೆ,
ನಾಡಿನ ವೈದ್ಯಕೀಯ ವಿಶ್ವವಿದ್ಯಾಲಯಗಳ ಕುಲಪತಿಗಳು, ಕ್ಯಾನ್ಸರ್ ಸಂಶೋಧನೆಯಲ್ಲಿ ತೊಡಗಿರುವ ಪ್ರಾಧ್ಯಾಪಕರು ಹಾಗೂ ಎಥಿಕ್ಸ್ ಕಮಿಟಿಗಳ (ಸಂಶೋಧನೆಯ ನೈತಿಕತೆ ನೋಡುವ ಸಮಿತಿಗಳ) ಸದಸ್ಯರು

ಮಾನ್ಯರೇ,

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಶಿಕ್ಷಕಿ. ನಮ್ಮವ್ವ 2019ರ ಆಗಸ್ಟ್‌ನಲ್ಲಿ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ಗಲ್ಲದ ಒಳಗಿನಿಂದ ತೆಗೆದ ಒಂದು ತುಣುಕು, ಎರಡು ಟ್ಯೂಬ್ ರಕ್ತ, ಒಂದಿಷ್ಟು ಜೊಲ್ಲು ಒಂದು ವಿಶ್ವವಿದ್ಯಾಲಯದ ಸಂಶೋಧನೆಗೆ ಹೋದವು. ಅದರಿಂದ ಏನು ಗೊತ್ತಾಯಿತು ಎಂದು ಇವತ್ತಿನವರೆಗೆ ಯಾರೂ ನಮಗೆ ಹೇಳಿಲ್ಲ. ಅದನ್ನು ಕೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಆ ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದೊಂದೇ ಸಂಸ್ಥೆಯ ತಪ್ಪಾಗಿದ್ದರೆ ಅವರಿಗಷ್ಟೇ ಬರೆದು ಸುಮ್ಮನಾಗುತ್ತಿದ್ದೆ. ಆದರೆ ವಾರ್ಡಿನಲ್ಲಿ, ಧರ್ಮಶಾಲೆಯಲ್ಲಿ, ವಾಪಸು ಬರುವ ಬಸ್ಸಿನಲ್ಲಿ ಸಿಕ್ಕ ಬೇರೆ ಬೇರೆ ಜಿಲ್ಲೆಯ ಜನರೂ ಇದನ್ನೇ ಹೇಳಿದರು. ‘ನಮ್ಮಪ್ಪನಿಂದಲೂ ಸಹಿ ಹಾಕಿಸಿಕೊಂಡರು, ಆಮೇಲೆ ಯಾರೂ ತಿರುಗಿ ನೋಡಲಿಲ್ಲ’ ಎಂದರು. ಆಪರೇಷನ್ ಮಾಡಿದ ಡಾಕ್ಟರರ ಮೇಲೆ ನನ್ನ ದೂರಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಏಳು ತಾಸು ನಿಂತು ಆಪರೇಷನ್ ಮಾಡಿ ಹೊರಗೆ ಬಂದು ನನ್ನೆದುರು ಬೆಂಚಿನ ಮೇಲೆ ಕುಳಿತು, ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ ಆ ವೈದ್ಯರನ್ನು ನಮ್ಮ ಮನೆಯಲ್ಲಿ ಈಗಲೂ ನೆನೆಯುತ್ತೇವೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. 2017ರ ಡಿಸೆಂಬರ್‌ನಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ಬಾಯಿ ತಪಾಸಣೆಯ ಶಿಬಿರ ನಡೆಯಿತು. ಬಿಳಿ ಕೋಟಿನ ಹುಡುಗ ಹುಡುಗಿಯರು ಒಂದು ಮಿನಿ ಬಸ್ಸು ತುಂಬ ಬಂದಿದ್ದರು. ಹಿಂದಿನ ದಿನ ಆಶಾ ಕಾರ್ಯಕರ್ತೆ ಮನೆ ಮನೆ ತಿರುಗಿ ಜನರನ್ನು ಒಪ್ಪಿಸಿದ್ದಳು. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಉಪ್ಪಿಟ್ಟು ಮಾಡಿ ಹಾಕಿದರು. ಇನ್ನೂರಕ್ಕೂ ಹೆಚ್ಚು ಜನ ಸರದಿಯಲ್ಲಿ ನಿಂತು ಬಾಯಿ ತೆರೆದು ತೋರಿಸಿದರು. ಎಷ್ಟು ವರ್ಷದಿಂದ ಎಲಿ ಅಡಿಕೆ, ತಂಬಾಕು ಸೇರಿಸುತ್ತೀರೋ ಇಲ್ಲವೋ, ದಿನಕ್ಕೆ ಎಷ್ಟು ಸಲ, ರಾತ್ರಿ ಬಾಯಲ್ಲಿಟ್ಟುಕೊಂಡೇ ಮಲಗುತ್ತೀರಾ, ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದಿತ್ತಾ ಎಂದು ನಾಲ್ಕು ಪುಟದ ಪ್ರಶ್ನೆಗಳು. ಮೆಣಸಿನಕಾಯಿ ಬಿಡಿಸುವ ಸುಗ್ಗಿ ಶುರುವಾಗಿತ್ತು. ಅರ್ಧ ದಿನದ ಕೂಲಿ ಬಿಟ್ಟು ಬಂದವರೇ ಹೆಚ್ಚು. ಒಬ್ಬರೂ ಗೊಣಗಲಿಲ್ಲ. ‘ಓದೋ ಮಕ್ಕಳು, ಅವರಿಗೂ ಉಪಯೋಗ ಆಗಲಿ, ನಮಗೂ ಆಗಲಿ’ ಎಂಬುದು ನಮ್ಮವರ ಭಾವನೆ.

ನಮ್ಮವ್ವನ ಗಲ್ಲದ ಒಳಗೆ ಬಿಳಿ ಮಚ್ಚೆಯಿದೆ, ಆಸ್ಪತ್ರೆಗೆ ಬನ್ನಿ ಎಂದು ಚೀಟಿ ಬರೆದುಕೊಟ್ಟಿದ್ದು ಆ ಶಿಬಿರದಲ್ಲೇ. ಆ ಉಪಕಾರವನ್ನು ಮರೆಯುವುದಿಲ್ಲ. ಆದರೆ ನೋವಿಲ್ಲದ ಮಚ್ಚೆಗೆ ಸುಗ್ಗಿ ಬಿಟ್ಟು ಹೋಗುವುದು ಹೇಗೆ? ಅವ್ವ ಹೋಗಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಆ ತಪ್ಪು ನನ್ನದು, ಅದನ್ನು ಯಾರ ಮೇಲೂ ಹೊರಿಸುವುದಿಲ್ಲ. ಆದರೂ ಕೇಳುತ್ತೇನೆ: ಚೀಟಿ ಬರೆದುಕೊಟ್ಟವರಲ್ಲಿ ಎಷ್ಟು ಜನ ಆಸ್ಪತ್ರೆಗೆ ಬಂದರು, ಬರದವರು ಯಾಕೆ ಬರಲಿಲ್ಲ ಎಂದು ಆ ಮಿನಿ ಬಸ್ಸು ಮತ್ತೊಂದು ಸಲ ನಮ್ಮೂರಿಗೆ ಬಂದಿದ್ದರೆ? ಬರಲಿಲ್ಲ. ನಾಲ್ಕು ಪುಟದ ಹಾಳೆಗಳ ಕಟ್ಟು ಹೋಯಿತು, ಅಷ್ಟೇ.

2018ರ ಮೇ ತಿಂಗಳ ಹೊತ್ತಿಗೆ ಅವ್ವನ ಬಾಯಲ್ಲಿ ಒಂದು ಬೆರಳು ಹೋಗುವಷ್ಟೂ ಜಾಗ ಇರಲಿಲ್ಲ. ಆಗ ಓಡಿದೆವು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಎಂದು ಖಚಿತವಾಯಿತು, ಆಪರೇಷನ್ನಿಗೆ ದಿನ ಗೊತ್ತಾಯಿತು. ಆಪರೇಷನ್ನಿನ ಹಿಂದಿನ ಸಂಜೆ ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗಿ ಹಾಸಿಗೆಯ ಹತ್ತಿರ ಬಂದಳು. ತುಂಬ ಸಂಭಾವಿತ ಹುಡುಗಿ. ನಾಳೆ ತೆಗೆಯುವ ಗಡ್ಡೆಯಲ್ಲಿ ಒಂದು ಚೂರನ್ನು ಸಂಶೋಧನೆಗೆ ಕೊಡಬಹುದೇ ಎಂದು ಕೇಳಿದಳು. ಕೈಯಲ್ಲಿದ್ದ ಫಾರಂ ಹನ್ನೊಂದು ಪುಟ, ಎಲ್ಲ ಇಂಗ್ಲಿಷ್. ಕೊನೆಗೆ ಲಗತ್ತಿಸಿದ್ದ ಒಂದೇ ಒಂದು ಹಾಳೆ ಕನ್ನಡದ್ದು. ‘ಮೇಲ್ಕಂಡ ಎಲ್ಲ ವಿಷಯಗಳನ್ನು ನನಗೆ ನನ್ನ ಭಾಷೆಯಲ್ಲಿ ತಿಳಿಸಲಾಗಿದೆ’ ಎಂದು ಅದರಲ್ಲಿತ್ತು. ಮೇಲ್ಕಂಡ ವಿಷಯಗಳು ಯಾವುವೆಂದು ಕನ್ನಡ ಶಿಕ್ಷಕಿಯಾದ ನನಗೂ ಪೂರ್ತಿ ತಿಳಿಯಲಿಲ್ಲ. ರಾತ್ರಿ ಎಂಟಕ್ಕೆ ಸ್ಯಾಂಪಲ್ ಪಟ್ಟಿ ಕೊಡಬೇಕೆಂದು ಆ ಹುಡುಗಿಗೆ ಅವಸರ. ಅವ್ವನಿಗೆ ಓದು ಬರಹ ಇರಲಿಲ್ಲವಾದ್ದರಿಂದ ಒಬ್ಬ ಸಾಕ್ಷಿ ಬೇಕಿತ್ತು. ಪಕ್ಕದ ಹಾಸಿಗೆಯವರ ಮಗ ಟೀ ತರಲು ಹೋಗಿದ್ದವನು ಆಗಷ್ಟೇ ಬಂದ. ಮಾತುಕತೆಯೆಲ್ಲ ಮುಗಿದ ಮೇಲೆ ಬಂದ ಅವನೇ ಸಾಕ್ಷಿಯಾಗಿ ಸಹಿ ಹಾಕಿದ.

ಅವ್ವ ಹೆಬ್ಬೆಟ್ಟು ಒತ್ತಿದಳು. ನೀಲಿ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ಬಾಯಿ ತೆರೆಯಲಾಗದೆ ಹಲ್ಲಿನ ಸಂದಿಯಿಂದಲೇ ಕೇಳಿದಳು: ‘ಯವ್ವಾ, ಇದರಾಗ ಏನರ ಗೊತ್ತಾದರ ನಮಗೂ ಹೇಳ್ತಿ ಇಲ್ಲ?’

‘ಖಂಡಿತ ಹೇಳ್ತೀವಿ ಅಜ್ಜಿ’ ಎಂದಳು ಹುಡುಗಿ.

ಈ ಇಡೀ ಪತ್ರ ನಿಂತಿರುವುದು ಆ ಎರಡು ಮಾತುಗಳ ಮೇಲೆ.

ಆಪರೇಷನ್ ಆಯಿತು, ಮೂವತ್ತು ದಿನ ಕರೆಂಟು (ರೇಡಿಯೇಷನ್) ಕೊಟ್ಟರು, ಮೂಗಿನ ನಳಿಕೆಯಲ್ಲಿ ಗಂಜಿ ಹಾಕುತ್ತಾ ಒಂದು ವರ್ಷ ಕಳೆದೆವು. ಎರಡು ಸಲ ತೋರಿಸಲು ಹೋದಾಗಲೂ ಅವ್ವ ‘ಆ ಹುಡುಗಿ ಬಂದಿದ್ದಳೇನು’ ಎಂದು ಕೇಳಿದಳು. ಅವ್ವ ತೀರಿಕೊಂಡ ಮೇಲೆ ನಾನೇ ಆ ಹುಡುಗಿಯ ವಿಭಾಗಕ್ಕೆ ಪತ್ರ ಬರೆದೆ. ಉತ್ತರ ಬರಲಿಲ್ಲ. ಮತ್ತೆ ಬರೆದೆ, ರಿಜಿಸ್ಟರ್ ಪೋಸ್ಟಿನಲ್ಲಿ. ಸ್ವೀಕೃತಿ ಕಾರ್ಡ್ ಬಂತು, ಉತ್ತರ ಬರಲಿಲ್ಲ. ಫೋನು ಮಾಡಿದರೆ, ‘ಆ ಸ್ಟಡಿ ಕ್ಲೋಸ್ ಆಗಿದೆ ಮೇಡಂ, ಸ್ಟೂಡೆಂಟ್ ಪಾಸಾಗಿ ಹೋಗಿದ್ದಾರೆ’ ಎಂದರು. ಏನು ಸಿಕ್ಕಿತು ಎಂದು ಕೇಳಿದ್ದಕ್ಕೆ, ‘ಅದು ನಿಮಗೆ ಸಂಬಂಧಿಸಿದ್ದಲ್ಲ’ ಎಂಬ ಉತ್ತರ. ಅವಮಾನ ಮಾಡಬೇಕೆಂದು ಹೇಳಿದ್ದಲ್ಲ, ನನಗೆ ಗೊತ್ತು. ಆ ಕ್ಲರ್ಕಿಗೆ ನಿಜಕ್ಕೂ ಹಾಗೇ ಅನ್ನಿಸಿತ್ತು. ಅದಕ್ಕೇ ಹೆಚ್ಚು ನೋವಾಯಿತು.

ಎಂಎಸ್ಸಿ ಓದುತ್ತಿದ್ದ ಅಣ್ಣನ ಮಗ ಕಂಪ್ಯೂಟರಿನಲ್ಲಿ ಹುಡುಕಿ ಕೊನೆಗೊಂದು ಪ್ರಬಂಧ ತೋರಿಸಿದ. ವಿಭಾಗ, ವರ್ಷ, ಆ ಹುಡುಗಿಯ ಹೆಸರು ಎಲ್ಲ ಹೊಂದುತ್ತಿದ್ದವು. ಸಾರಾಂಶದ ಹತ್ತು ಹನ್ನೆರಡು ಸಾಲು ಮಾತ್ರ ಓದಲು ಸಿಕ್ಕವು. ಪೂರ್ತಿ ಓದಬೇಕೆಂದರೆ ಡಾಲರಿನಲ್ಲಿ ಹಣ ಕಟ್ಟಬೇಕು. ರೋಗಿಗಳ ಸಂಖ್ಯೆ ಎಂಬಲ್ಲಿ ಒಂದು ಅಂಕಿ. ಆ ಅಂಕಿಯಲ್ಲಿ ಒಂದು ನಮ್ಮವ್ವ. ಹುಡುಗ ತನ್ನ ಪ್ರೊಫೆಸರ್ ಮೂಲಕ ಪೂರ್ತಿ ಪ್ರತಿ ತರಿಸಿದ. ಕೊನೆಯಲ್ಲಿ ಹಣ ಕೊಟ್ಟ ಇಲಾಖೆಗೆ, ಯಂತ್ರ ಒದಗಿಸಿದ ಪ್ರಯೋಗಾಲಯಕ್ಕೆ, ಲೆಕ್ಕ ಹಾಕಿಕೊಟ್ಟವರಿಗೆ ಕೃತಜ್ಞತೆ ಇತ್ತು. ತುಣುಕು ಕೊಟ್ಟವರಿಗೆ ಒಂದು ಸಾಲೂ ಇರಲಿಲ್ಲ.

ದುಡ್ಡಿನ ಮಾತನ್ನೂ ಹೇಳಬೇಕು. 2020ರ ಫೆಬ್ರುವರಿ 4, ವಿಶ್ವ ಕ್ಯಾನ್ಸರ್ ದಿನದಂದು ನಮ್ಮೂರ ಹಳೆಯ ವಿದ್ಯಾರ್ಥಿಗಳ ಸಂಘದವರು ಬಸ್‌ಸ್ಟ್ಯಾಂಡಿನಿಂದ ಶಾಲೆಯವರೆಗೆ ನಡಿಗೆ ಇಟ್ಟುಕೊಂಡರು. ಆರು ವರ್ಷದಲ್ಲಿ ಊರಲ್ಲಿ ಐದು ಜನ ಈ ರೋಗಕ್ಕೆ ಹೋಗಿದ್ದರು. ಡಬ್ಬಿ ಹಿಡಿದು ಸಂಗ್ರಹಿಸಿದ ಹಣ 23,450 ರೂಪಾಯಿ. ವೃದ್ಧಾಪ್ಯ ವೇತನದ ದುಡ್ಡಿನಲ್ಲಿ ಐವತ್ತು ರೂಪಾಯಿಯ ನೋಟನ್ನು ನಾಲ್ಕು ಮಡಿಕೆ ಮಾಡಿ ಹಾಕಿದ ಒಬ್ಬ ಅಜ್ಜಿಯ ಕೈ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಹಣವನ್ನು ಅದೇ ಸಂಸ್ಥೆಯ ಸಂಶೋಧನಾ ನಿಧಿಗೆ ಚೆಕ್ಕಾಗಿ ಕೊಟ್ಟೆವು. ರಸೀದಿ ಬಂತು. ಆದಾಯ ತೆರಿಗೆ ವಿನಾಯಿತಿಯ ಪತ್ರವೂ ಬಂತು. ನಮ್ಮ ಸಂಘದಲ್ಲಿ ಆದಾಯ ತೆರಿಗೆ ಕಟ್ಟುವಷ್ಟು ಗಳಿಸುವವರು ಇಬ್ಬರೋ ಮೂವರೋ. ನಮಗೆ ಬೇಕಿದ್ದ ಕಾಗದ ಬೇರೆ: ಈ ದುಡ್ಡಿನಿಂದ ಇಂಥದ್ದು ಮಾಡಿದೆವು ಎಂಬ ನಾಲ್ಕು ಸಾಲು.

ಮಾನ್ಯರೇ, ಅವ್ವ ಹೋದ ಮೇಲೆ ನಾನು ಈ ವಿಷಯವನ್ನು ಸಿಕ್ಕಿದ ಕಡೆಯೆಲ್ಲ ಓದತೊಡಗಿದೆ. ಸಂಶೋಧನೆಯ ಮೇಲಿನ ಗೌರವ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನಮ್ಮ ಪಕ್ಕದ ಕೇರಳದ ಕಥೆಯನ್ನೇ ನೋಡಿ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ ಅಲ್ಲಿನ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಒಂದು ಅಧ್ಯಯನ ಶುರು ಮಾಡಿದರು. 35 ದಾಟಿದ 1.9 ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಸುಮಾರು ಅರ್ಧದಷ್ಟು ಜನರ ಮನೆಗೆ ತರಬೇತಿ ಪಡೆದ ಕಾರ್ಯಕರ್ತರು ಹೋಗಿ, ಟಾರ್ಚ್ ಬೆಳಕಿನಲ್ಲಿ ಬಾಯಿ ನೋಡಿದರು. ಒಂದು ಸಲ ನೋಡಿ ಬಿಡಲಿಲ್ಲ, ವರ್ಷಗಳ ಅಂತರದಲ್ಲಿ ಮೂರು ಸುತ್ತು ಹೋದರು. 2005ರಲ್ಲಿ ಫಲಿತಾಂಶ ಹೊರಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ, ಹೀಗೆ ಬಾಯಿ ನೋಡಿಸಿಕೊಂಡವರ ಪೈಕಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಯಂತ್ರವಿಲ್ಲ, ಸೂಜಿಯಿಲ್ಲ, ಬರೀ ಒಂದು ಟಾರ್ಚು ಮತ್ತು ತಿರುಗಿ ತಿರುಗಿ ಹೋಗುವ ಕಾಲು. ಇದನ್ನು ಓದಿದ ರಾತ್ರಿ ನಮ್ಮ ಶಾಲೆಯ ಅಂಗಳದ ಆ ಮಿನಿ ಬಸ್ಸು ನೆನಪಾಗಿ ನನಗೆ ನಿದ್ದೆ ಬರಲಿಲ್ಲ.

2022ರಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ಕ್ಯಾನ್ಸರ್ ಬಂದವರು 14 ಲಕ್ಷಕ್ಕೂ ಹೆಚ್ಚು, ಅದರಲ್ಲಿ ಬಾಯಿ ಮತ್ತು ತುಟಿಯ ಕ್ಯಾನ್ಸರ್ ಸುಮಾರು 1.43 ಲಕ್ಷ ಜನರಿಗೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಂದಾಜು ಮಾಡಿದೆ. ಇಷ್ಟು ಜನ ನಿಮ್ಮ ಆಸ್ಪತ್ರೆಗಳ ಬಾಗಿಲಿಗೆ ಬರುವಾಗ ರೋಗವನ್ನಷ್ಟೇ ತರುವುದಿಲ್ಲ, ನಿಮ್ಮ ಸಂಶೋಧನೆಗೆ ಬೇಕಾದುದನ್ನೂ ತರುತ್ತಾರೆ.

ಇನ್ನೊಂದು ಉದಾಹರಣೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯದು. ಮೂರು ಡೋಸ್ ಬೇಕೋ ಎರಡು ಸಾಕೋ ಎಂದು ತಿಳಿಯಲು 2009ರಲ್ಲಿ ನಮ್ಮ ದೇಶದ ಒಂಬತ್ತು ಕಡೆ ದೊಡ್ಡ ಅಧ್ಯಯನ ಆರಂಭವಾಯಿತು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಇಂಥ ಅಧ್ಯಯನಗಳಲ್ಲಿ ಲಸಿಕೆ ಹಾಕುವುದನ್ನೇ ನಿಲ್ಲಿಸಿತು. ಅಷ್ಟರಲ್ಲಿ ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರ ಕೈಬಿಡಲಿಲ್ಲ. ಹತ್ತು ವರ್ಷ ಅವರ ಜೊತೆ ಸಂಪರ್ಕ ಇಟ್ಟುಕೊಂಡರು. ಒಂದು ಡೋಸ್ ಕೂಡ ಗಟ್ಟಿಯಾಗಿ ಕಾಪಾಡುತ್ತದೆ ಎಂದು 2021ರಲ್ಲಿ ಪ್ರಕಟಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸ್ ಕೊಡುವುದಕ್ಕೂ ಒಪ್ಪಿಗೆ ಕೊಟ್ಟಾಗ ಅದರ ಹಿಂದಿದ್ದ ಸಾಕ್ಷ್ಯಗಳಲ್ಲಿ ನಮ್ಮ ಹುಡುಗಿಯರ ತೋಳೂ ಇತ್ತು. ಬಡ ದೇಶಗಳ ಎಷ್ಟು ಮಕ್ಕಳಿಗೆ ಇದರಿಂದ ಲಸಿಕೆ ಎಟುಕುವಂತಾಯಿತೋ! ಈಗ ಮೂವತ್ತರ ಆಸುಪಾಸಿನಲ್ಲಿರುವ ಆ ಹೆಣ್ಣುಮಕ್ಕಳ ಮುಂದೆ ಕುಳಿತು, ‘ಇದು ನಿಮ್ಮಿಂದ ಆಯಿತು’ ಎಂದು ಅವರ ಭಾಷೆಯಲ್ಲಿ ಹೇಳುವುದಕ್ಕಿಂತ ದೊಡ್ಡ ಪ್ರಶಸ್ತಿ ಇದೆಯೇ?

ಆ ಅಧ್ಯಯನ ನಿಂತದ್ದು ಯಾಕೆ ಎಂಬುದನ್ನೂ ನೀವು ನೆನೆಯಬೇಕು. ತಪ್ಪು ಆ ಸಂಶೋಧಕರದ್ದಲ್ಲ. ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರದಲ್ಲಿ ಬೇರೆಯವರು ನಡೆಸುತ್ತಿದ್ದ ಇನ್ನೊಂದು ಲಸಿಕೆ ಯೋಜನೆಯಲ್ಲಿ ಏಳು ಹುಡುಗಿಯರು ಸತ್ತ ಸುದ್ದಿ ಬಂತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ತನಿಖಾ ಸಮಿತಿ ಹೇಳಿತು. ಆದರೆ ಒಪ್ಪಿಗೆ ಪತ್ರಗಳನ್ನು ತೆರೆದು ನೋಡಿದಾಗ ಎಷ್ಟೋ ಕಡೆ ತಂದೆ ತಾಯಿಯ ಸಹಿಯ ಜಾಗದಲ್ಲಿ ಹಾಸ್ಟೆಲ್ ವಾರ್ಡನ್, ಹೆಡ್‌ಮಾಸ್ತರರ ಸಹಿ ಇತ್ತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಶಿಕ್ಷಕಿಯಾಗಿ ಇದನ್ನು ಓದುವಾಗ ನನ್ನ ಕೈ ನಡುಗಿತು. ನಾಳೆ ಯಾರಾದರೂ ನಮ್ಮ ಶಾಲೆಗೆ ಬಂದು ‘ಮೇಡಂ, ಇಲ್ಲೊಂದು ಸಹಿ’ ಎಂದರೆ ಮಕ್ಕಳ ಒಳ್ಳೆಯದಕ್ಕೇ ಎಂದು ನಾನೂ ಹಾಕಿಬಿಡುತ್ತಿದ್ದೆನೇನೋ. ಒಂದು ಕಡೆ ಒಪ್ಪಿಗೆಯ ಕಾಗದವನ್ನು ಹಗುರವಾಗಿ ಕಂಡದ್ದಕ್ಕೆ ಇನ್ನೊಂದು ಕಡೆ ನೆಟ್ಟಗೆ ನಡೆಯುತ್ತಿದ್ದ ಕೆಲಸವೂ ನಿಂತಿತು.

ಅಮೆರಿಕದ ಕ್ಯಾನ್ಸರ್ ರೋಗಿ ಹೆನ್ರಿಯೆಟಾ ಲ್ಯಾಕ್ಸ್ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1951ರಲ್ಲಿ ಅವರ ಗಡ್ಡೆಯಿಂದ ಕೇಳದೆ ತೆಗೆದ ಜೀವಕೋಶಗಳು ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ‘ಹೀಲಾ’ ಎಂಬ ಹೆಸರಿನಲ್ಲಿ ಬೆಳೆಯುತ್ತಿವೆ. 2013ರಲ್ಲಿ ಆ ಕೋಶಗಳ ಜೀನೋಮ್ (ಒಟ್ಟು ಜೀನುಗಳ) ಮಾಹಿತಿಯನ್ನು ಯಾರು ಬಳಸಬಹುದೆಂದು ನೋಡುವ ಸಮಿತಿಯಲ್ಲಿ ಲ್ಯಾಕ್ಸ್ ಕುಟುಂಬದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಎರಡು ಸ್ಥಾನ ಕೊಟ್ಟಿತು. ಅರವತ್ತು ವರ್ಷ ತಡವಾಗಿ. ನಾವು ಅರವತ್ತು ವರ್ಷ ಕಾಯುವುದು ಬೇಡ ಎಂಬುದಷ್ಟೇ ನನ್ನ ಕೋರಿಕೆ.

‘ಜನರಿಗೆ ಇದೆಲ್ಲ ಅರ್ಥವಾಗುವುದಿಲ್ಲ’ ಎಂದು ಒಬ್ಬ ಪ್ರಾಧ್ಯಾಪಕರು ನನಗೆ ಹೇಳಿದ್ದುಂಟು. ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ರೈತರು ಪ್ರತಿ ವರ್ಷ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೇಳಕ್ಕೆ ಟೆಂಪೋ ಮಾಡಿಕೊಂಡು ಹೋಗುತ್ತಾರೆ. ಪ್ರಾತ್ಯಕ್ಷಿಕೆಯ ತಾಕುಗಳ ಮುಂದೆ ನಿಂತು ಯಾವ ತಳಿಗೆ ಯಾವ ರೋಗ ಬಂತು, ಎಕರೆಗೆ ಎಷ್ಟು ಕ್ವಿಂಟಲ್, ಎರೆ ಭೂಮಿಗೆ ಆಗುತ್ತೋ ಮಸಾರಿಗೆ ಆಗುತ್ತೋ ಎಂದು ವಿಜ್ಞಾನಿಗಳ ಬೆವರಿಳಿಸುತ್ತಾರೆ. ನಮ್ಮ ಓಣಿಯ ರೈತರೊಬ್ಬರು ಪ್ರಯೋಗಕ್ಕೆಂದು ಅರ್ಧ ಎಕರೆ ಕೊಟ್ಟಿದ್ದಾಗ, ಕೊಯ್ಲಿನ ದಿನ ಅಧಿಕಾರಿಗಳು ಅವರ ಹೊಲದಲ್ಲೇ ಕ್ಷೇತ್ರೋತ್ಸವ ಮಾಡಿ, ಊರವರ ಎದುರು ತೂಕ ಹಾಕಿ, ‘ಈ ತಳಿ ನಿಮ್ಮ ಮಣ್ಣಿಗೆ ಬರಲಿಲ್ಲ’ ಎಂದು ಹೇಳಿ ಹೋದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನ ವರ್ಷ ಇನ್ನೊಬ್ಬರು ಹೊಲ ಕೊಟ್ಟರು. ಹೊಲ ಕೊಟ್ಟವರಿಗೆ ಇಳುವರಿ ಹೇಳುವ ಪದ್ಧತಿ ಒಂದು ವಿಶ್ವವಿದ್ಯಾಲಯದಲ್ಲಿ ಇದೆ. ಒಡಲಿನ ಚೂರು ಕೊಟ್ಟವರಿಗೆ ಹೇಳುವ ಪದ್ಧತಿ ಇನ್ನೊಂದರಲ್ಲಿ ಯಾಕಿಲ್ಲ?

ನಿಮ್ಮ ಕಷ್ಟಗಳು ನನಗೆ ಗೊತ್ತಿಲ್ಲವೆಂದಲ್ಲ. ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ತಿಂಗಳುಗಟ್ಟಲೆ ಬರುವುದಿಲ್ಲ. ಅನುದಾನ ಮೂರು ವರ್ಷಕ್ಕೆ ಮುಗಿಯುತ್ತದೆ, ಉತ್ತರ ಹತ್ತು ವರ್ಷಕ್ಕೆ ಸಿಗುತ್ತದೆ. ರೋಗಿಗಳ ಫೋನ್ ನಂಬರು ಬದಲಾಗುತ್ತದೆ. ಒಬ್ಬೊಬ್ಬರ ತುಣುಕಿನಲ್ಲಿ ಕಂಡದ್ದು ಆ ಒಬ್ಬರ ಚಿಕಿತ್ಸೆಗೆ ಉಪಯೋಗವಾಗದೆ ಇರಬಹುದು, ಅರ್ಧಂಬರ್ಧ ಹೇಳಿದರೆ ಭಯ ಹುಟ್ಟಬಹುದು. ಇದೆಲ್ಲ ನಿಜ. ನಾನು ನಮ್ಮವ್ವನ ಜೀನಿನ ರಿಪೋರ್ಟು ಕೇಳುತ್ತಿಲ್ಲ. ಇಷ್ಟು ಜನರಿಂದ ಇಂಥದ್ದು ತೆಗೆದುಕೊಂಡೆವು, ಈ ಪ್ರಶ್ನೆ ಇಟ್ಟುಕೊಂಡಿದ್ದೆವು, ಇದು ತಿಳಿಯಿತು, ಇದು ತಿಳಿಯಲಿಲ್ಲ ಎಂಬ ಒಂದು ಪುಟ ಕೇಳುತ್ತಿದ್ದೇನೆ. ಏನೂ ಸಿಗಲಿಲ್ಲ ಎಂದಿದ್ದರೆ ಅದನ್ನೂ ಹೇಳಿ.

ಹೊಸ ಕಾನೂನನ್ನೇನೂ ನಾನು ಕೇಳುತ್ತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯಲ್ಲಿ ಒಪ್ಪಿಗೆ ಜನರ ಭಾಷೆಯಲ್ಲಿರಬೇಕು, ಸಂಶೋಧನೆಯಲ್ಲಿ ಸಮುದಾಯದ ಪಾಲುದಾರಿಕೆ ಇರಬೇಕು, ಅದರ ಪ್ರಯೋಜನ ಪಾಲ್ಗೊಂಡವರಿಗೂ ತಲುಪಬೇಕು ಎಂದೆಲ್ಲ ಇದೆ. ಓದು ಬಾರದವರಾದರೆ ಸಾಕ್ಷಿ ಮಾತುಕತೆಯ ಉದ್ದಕ್ಕೂ ಹಾಜರಿರಬೇಕು, ಕೊನೆಗೆ ಬಂದು ಸಹಿ ಹಾಕಿದರೆ ಸಾಲದು. ನಮ್ಮವ್ವನ ಹೆಬ್ಬೆಟ್ಟು ಬಿದ್ದ ದಿನ ಈ ಮಾರ್ಗಸೂಚಿ ಜಾರಿಯಲ್ಲೇ ಇತ್ತು.

ಕುಲಪತಿಗಳೇ, ಒಂದು ಕೆಲಸ ನಿಮ್ಮ ಕೈಯಲ್ಲಿದೆ. ರೋಗಿಗಳಿಂದ ರಕ್ತವನ್ನೋ ತುಣುಕನ್ನೋ ಮಾಹಿತಿಯನ್ನೋ ಪಡೆದ ಯಾವುದೇ ಪಿಎಚ್‌ಡಿ, ಎಂಡಿ, ಎಂಡಿಎಸ್ ಪ್ರಬಂಧವನ್ನು ಸಲ್ಲಿಸುವಾಗ ಕನ್ನಡದಲ್ಲಿ ಒಂದು ಪುಟದ ಸಾರಾಂಶ ಲಗತ್ತಿಸಿರಲೇಬೇಕು, ಅದನ್ನು ಪಾಲ್ಗೊಂಡವರಿಗೆ ಕಳಿಸಿದ್ದಕ್ಕೆ ದಾಖಲೆ ಇರಲೇಬೇಕು ಎಂದು ನಿಯಮ ಮಾಡಿ. ಬೈಂಡಿಂಗ್ ಯಾವ ಬಣ್ಣದ್ದಿರಬೇಕು, ಅಂಚು ಎಷ್ಟು ಬಿಡಬೇಕು ಎಂಬುದಕ್ಕೆಲ್ಲ ನಿಯಮವಿದೆ. ಇದಕ್ಕೂ ಇರಲಿ. ಇದಕ್ಕೆ ಬೇಕಾದ್ದು ಅಂಚೆ ಖರ್ಚು ಮತ್ತು ಒಂದು ದಿನದ ಶ್ರಮ. ಗೈಡ್ ಆದವರು ಅದನ್ನು ಓದಿ, ತಮ್ಮ ಮನೆಯ ಹಿರಿಯರೊಬ್ಬರಿಗೆ ಓದಿ ಹೇಳಿ, ಅವರಿಗೆ ತಿಳಿಯಿತೇ ಎಂದು ನೋಡಿ ಸಹಿ ಹಾಕಲಿ.

ಒಪ್ಪಿಗೆಯ ಫಾರಂ ಇಡಿಯಾಗಿ ಕನ್ನಡದಲ್ಲಿರಲಿ. ನಮ್ಮ ಕಡೆಯವರಿಗೆ ನಮ್ಮ ಕನ್ನಡ, ಉರ್ದು, ಲಂಬಾಣಿ ಮಾತಾಡುವವರಿಗೆ ಅವರ ಭಾಷೆಯಲ್ಲಿ ಬಾಯಿಮಾತಿನ ವಿವರಣೆ. ಆಪರೇಷನ್ನಿನ ಹಿಂದಿನ ಸಂಜೆ, ಜೀವ ಕೈಯಲ್ಲಿ ಹಿಡಿದು ಮಲಗಿದವರ ಮುಂದೆ ಫಾರಂ ಇಡಬೇಡಿ. ‘ಇಲ್ಲ ಎಂದರೆ ನಾಳೆ ಆಪರೇಷನ್ ಸರಿಯಾಗಿ ಮಾಡುತ್ತಾರೋ ಇಲ್ಲವೋ’ ಎಂಬ ಅಂಜಿಕೆ ಅವರ ಮನಸ್ಸಿನಲ್ಲಿರುತ್ತದೆ. ನನ್ನ ಮನಸ್ಸಿನಲ್ಲಿತ್ತು. ಫಾರಂನ ಒಂದು ಪ್ರತಿ ನಮ್ಮ ಕೈಗೂ ಬರಲಿ. ತುಣುಕನ್ನು ಎಲ್ಲಿ ಇಡುತ್ತೀರಿ, ಎಷ್ಟು ವರ್ಷ ಇಡುತ್ತೀರಿ, ಬೇರೆ ಊರಿಗೋ ಕಂಪನಿಗೋ ಹೋಗುತ್ತದೆಯೇ ಎಂಬುದು ಅದರಲ್ಲಿರಲಿ. ‘ಫಲಿತಾಂಶವನ್ನು ಯಾರಿಗೆ ತಿಳಿಸಬೇಕು?’ ಎಂದು ಒಂದು ಸಾಲು ಬಿಡಿ. ರೋಗಿ ಉಳಿಯದಿದ್ದರೆ ಆ ಸಾಲಿನಲ್ಲಿರುವ ಹೆಸರಿಗೆ ಕಾಗದ ಬರಲಿ.

ಪ್ರಕಟಣೆಯ ಬಗ್ಗೆ. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಡಿ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟು, ಸುಮಾರು 13,000 ಸಂಶೋಧನಾ ಜರ್ನಲ್‌ಗಳನ್ನು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಒದಗಿಸುತ್ತಿದೆ. ಬಹಳ ಸಂತೋಷ. ಆದರೆ ಆ ಬಾಗಿಲು ಕ್ಯಾಂಪಸ್ಸಿನ ಒಳಗಿರುವವರಿಗೆ ಮಾತ್ರ ತೆರೆದಿದೆ. ಮೈ ಕೊಟ್ಟವರು, ತೆರಿಗೆ ಕೊಟ್ಟವರು ಹೊರಗೇ ಇದ್ದಾರೆ. ನೀವಾದರೂ ನಿಮ್ಮ ಪ್ರಬಂಧದ ಒಂದು ಪ್ರತಿಯನ್ನು ಎಲ್ಲರೂ ಓದುವಂತೆ ವಿಶ್ವವಿದ್ಯಾಲಯದ ತಾಣದಲ್ಲಿ ಇಡಬಹುದಲ್ಲ.

ಎಥಿಕ್ಸ್ ಕಮಿಟಿಯವರಲ್ಲಿ ಒಂದು ವಿನಂತಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅದರಲ್ಲೊಬ್ಬರು ಜನಸಾಮಾನ್ಯರ ಪರವಾಗಿ. ಆ ಒಂದು ಕುರ್ಚಿಗೆ ಕ್ಯಾನ್ಸರ್ ಅನುಭವಿಸಿ ಗುಣವಾದವರನ್ನೋ, ಮನೆಯಲ್ಲಿ ರೋಗಿಯನ್ನು ನೋಡಿಕೊಂಡವರನ್ನೋ ಕರೆಯಿರಿ. ಮೂಗಿನ ನಳಿಕೆಗೆ ಗಂಜಿ ಸೋಸಿ ಹಾಕಿದವರಿಗೆ ಕೇಳಬೇಕಾದ ಪ್ರಶ್ನೆ ಯಾವುದೆಂದು ಗೊತ್ತಿರುತ್ತದೆ. ಬಾಯಿ ತೆರೆಯಲಾಗದವರಿಗೆ ಊಟ ಹೇಗೆ, ಕೂಲಿಯವರು ಮೂವತ್ತು ದಿನ ಕರೆಂಟಿಗೆ ಬಂದು ಇರುವುದು ಹೇಗೆ, ಶಿಬಿರದ ಚೀಟಿ ಹಿಡಿದವರು ಆಸ್ಪತ್ರೆಗೆ ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗಳೂ ಸಂಶೋಧನೆಯ ಪ್ರಶ್ನೆಗಳೇ. ಜೀನುಗಳ ಬಗ್ಗೆ ನಡೆಯುವಷ್ಟು ಕೆಲಸ ಇವುಗಳ ಬಗ್ಗೆ ನಡೆದದ್ದನ್ನು ನಾನು ಕಂಡಿಲ್ಲ.

ದೇಣಿಗೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಿ. ಲಕ್ಷ ಕೊಟ್ಟವರ ಹೆಸರು ಕಲ್ಲಿನ ಮೇಲೆ ಕೆತ್ತಿಸುತ್ತೀರಿ, ಕೆತ್ತಿಸಿ. ಐವತ್ತು ರೂಪಾಯಿ ಕೊಟ್ಟವರಿಗೆ ಅದು ಯಾವ ಕೆಲಸಕ್ಕೆ ಹೋಯಿತು ಎಂಬುದಷ್ಟು ತಿಳಿದರೆ ಸಾಕು.

ಕಡೆಯದಾಗಿ, ಶಿಬಿರ ಮಾಡಿದ ಊರಿಗೆ ಇನ್ನೊಮ್ಮೆ ಬನ್ನಿ. ನಮ್ಮೂರಿನ ಆ ಇನ್ನೂರು ಜನರಲ್ಲಿ ಇನ್ನೂ ಹಲವರ ಹತ್ತಿರ ಚೀಟಿಗಳಿವೆ. ಒಬ್ಬರು ಅದನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ‘ಟೀಚರ್, ಅವರು ಮತ್ತ ಯಾವಾಗ ಬರ್ತಾರ?’ ಎಂದು ಆಶಾ ಕಾರ್ಯಕರ್ತೆ ಈ ವರ್ಷವೂ ಕೇಳಿದಳು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ, ನಿಮ್ಮ ಬಳಿ ಇದೆ. ಮತ್ತೆ ಬಾಯಿ ತೋರಿಸಲು ಜನ ಸಿದ್ಧರಿದ್ದಾರೆ. ಸಂಶೋಧನೆಗೆ ಕೇಳಿದರೂ ಕೊಡುತ್ತಾರೆ. ನನ್ನನ್ನೇ ಕೇಳಿದರೂ ಕೊಡುತ್ತೇನೆ.

ಬರುವ ದಿನವನ್ನು ಒಂದು ವಾರ ಮುಂಚೆ ತಿಳಿಸಿ. ಶಾಲೆಯ ದೊಡ್ಡ ಕೋಣೆಯನ್ನು ತೆರೆಸಿಡುತ್ತೇನೆ, ಬೋರ್ಡೂ ಇದೆ, ಚಾಕ್‌ಪೀಸೂ ಇದೆ. ಮಂಗಳವಾರ ಮಾತ್ರ ಬೇಡ, ಅವತ್ತು ಸಂತೆ. ಸಾಧ್ಯವಾದರೆ ಆ ಹುಡುಗಿಯನ್ನೂ ಕರೆದುಕೊಂಡು ಬನ್ನಿ. ಅವಳ ಮೇಲೆ ಯಾರಿಗೂ ಸಿಟ್ಟಿಲ್ಲ ಎಂದು ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಶಾಲಾ ಶಿಕ್ಷಕಿ